ಒಡೆದ ಕನ್ನಡಿಯಲ್ಲಿ ಕಂಡ ಮುಖ: ‘ದಿ ಅಪಾರ್ಟ್‌ಮೆಂಟ್’ ಮರುವೀಕ್ಷಣೆ

ಬಿಲ್ಲಿ ವೈಲ್ಡರ್ 1960ರಲ್ಲಿ ನಿರ್ದೇಶಿಸಿದ ‘ದಿ ಅಪಾರ್ಟ್‌ಮೆಂಟ್’ ಚಿತ್ರವನ್ನು ಮತ್ತೆ ನೋಡಿದಾಗ, ಹಾಸ್ಯಚಿತ್ರವೆಂದು ನೆನಪಿನಲ್ಲಿ ಉಳಿದಿದ್ದ ಈ ಕೃತಿಯೊಳಗೆ ಎಷ್ಟೊಂದು ಒಂಟಿತನ ತುಂಬಿದೆ ಎಂಬುದು ಮನಸ್ಸಿಗೆ ತಟ್ಟಿತು. ನ್ಯೂಯಾರ್ಕಿನ ವಿಮಾ ಸಂಸ್ಥೆಯೊಂದರ ಗುಮಾಸ್ತ ಬ್ಯಾಕ್ಸ್‌ಟರ್ ಬಡ್ತಿಯ ಆಸೆಯಿಂದ ತನ್ನ ಮನೆಯ ಕೀಲಿಯನ್ನು ಮೇಲಧಿಕಾರಿಗಳ ಗುಟ್ಟಿನ ಪ್ರಣಯದ ಭೇಟಿಗಳಿಗೆ ಒಪ್ಪಿಸಿ, ತಾನು ಚಳಿಯಲ್ಲಿ ಹೊರಗೆ ಕಾಯುತ್ತಾನೆ. ಅವನು ದುಡಿಯುವ ಕಚೇರಿ ಕೊನೆಯಿಲ್ಲದಂತೆ ಕಾಣಲೆಂದು ಕಲಾ ನಿರ್ದೇಶಕ ಅಲೆಕ್ಸಾಂಡರ್ ಟ್ರಾನರ್ ಹಿಂದಿನ ಸಾಲುಗಳಲ್ಲಿ ಕ್ರಮೇಣ ಚಿಕ್ಕದಾಗುವ ಮೇಜುಗಳನ್ನು ಇರಿಸಿದ್ದರು.

ಚಿತ್ರದ ಜೀವಾಳವಿರುವುದು ಕ್ರಿಸ್‌ಮಸ್ ಕೂಟದ ದೃಶ್ಯದಲ್ಲಿ. ತನ್ನ ಮನೆಯಲ್ಲಿ ಯಾರೋ ಮರೆತುಹೋಗಿದ್ದ ಪೌಡರ್ ಡಬ್ಬಿಯ ಕನ್ನಡಿ ಒಡೆದಿದ್ದುದನ್ನು ಬ್ಯಾಕ್ಸ್‌ಟರ್ ಮೊದಲೇ ಗಮನಿಸಿದ್ದಾನೆ; ಈಗ ಹೊಸ ಟೋಪಿ ಹೇಗಿದೆಯೆಂದು ನೋಡಿಕೊಳ್ಳಲು, ತಾನು ಮೆಚ್ಚಿದ ಲಿಫ್ಟ್ ನಿರ್ವಾಹಕಿ ಫ್ರಾನ್ ಕೊಟ್ಟ ಡಬ್ಬಿಯನ್ನು ತೆರೆದರೆ, ಅದೇ ಬಿರುಕು ಅವನ ಮುಖವನ್ನು ಸೀಳಿ ತೋರಿಸುತ್ತದೆ. ವಿವರಣೆಯ ಒಂದು ಮಾತೂ ಇಲ್ಲದೆ ಎಲ್ಲವೂ ಅವನಿಗೆ, ನಮಗೂ, ಅರ್ಥವಾಗುತ್ತದೆ. ಚಿತ್ರಕಥೆಯಲ್ಲಿ ವಸ್ತುವೊಂದನ್ನು ಇಷ್ಟು ಮಿತವಾಗಿ, ಇಷ್ಟು ನಿಷ್ಕರುಣೆಯಿಂದ ಬಳಸಿದ ಉದಾಹರಣೆಗಳು ನನಗೆ ತೀರ ವಿರಳವಾಗಿ ಸಿಕ್ಕಿವೆ.

ಮನೆ ಕೇಳುವ ಅಧಿಕಾರಿಗಳ ಆರಂಭದ ಪ್ರಸಂಗಗಳು ಈಗ ಸ್ವಲ್ಪ ಉದ್ದವೆನಿಸುತ್ತವೆ. ಆದರೆ ಬ್ಯಾಕ್ಸ್‌ಟರ್ ಆಗಿ ನಟಿಸಿರುವ ಜ್ಯಾಕ್ ಲೆಮನ್ ಮತ್ತು ಫ್ರಾನ್ ಆಗಿ ನಟಿಸಿರುವ ಶರ್ಲಿ ಮ್ಯಾಕ್‌ಲೇನ್ ಎದುರುಬದುರಾಗಿ ಕುಳಿತು ಇಸ್ಪೀಟು ಆಡುವ ದೃಶ್ಯಗಳಲ್ಲಿ, ಇಬ್ಬರು ನೊಂದವರ ನಡುವೆ ಮೆಲ್ಲನೆ ಬೆಳೆಯುವ ಸಲುಗೆಗೆ ಅವರು ತಂದಿರುವ ಸಹಜತೆ ಇಂದಿಗೂ ಸ್ವಲ್ಪವೂ ಮಾಸಿಲ್ಲ.