ಓಡುವ ಟೈಮು, ನಿಲ್ಲುವ ಟೈಮು

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಇದ್ದವರು. ಮೊದಲು ಕಂಡಕ್ಟರ್, ಆಮೇಲೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ರಿಟೈರ್ ಆಗಿ ಎಷ್ಟೋ ವರ್ಷ ಆದರೂ ಜೇಬಿನಲ್ಲಿ ಒಂದು ಸಣ್ಣ ಡೈರಿ, ಪೆನ್ನು ಇದ್ದೇ ಇರುತ್ತದೆ. ಎಲ್ಲಿಗೆ ಹೋದರೂ ಹೊರಟ ಟೈಮು, ಮುಟ್ಟಿದ ಟೈಮು ಬರೆಯುತ್ತಾರೆ. ಮದುವೆಗೆ ಹೋದರೂ ಅಷ್ಟೇ, ಆಸ್ಪತ್ರೆಗೆ ಹೋದರೂ ಅಷ್ಟೇ.

2025ರ ಏಪ್ರಿಲ್‌ನಲ್ಲಿ ಅಪ್ಪ, ಅಮ್ಮ, ನನ್ನ ಒಂಬತ್ತು ವರ್ಷದ ಮಗ ಮತ್ತು ನಾನು ಜಪಾನಿಗೆ ಹೋಗಿದ್ದೆವು. ಟೋಕಿಯೊ, ಕ್ಯೋಟೊ, ಹಿರೋಷಿಮಾ, ನಡುವೆ ಒಂದು ದಿನ ಒಸಾಕಾ. ಊರಿಂದ ಊರಿಗೆ ಹೇಗೆ ಹೋಗುವುದು ಅನ್ನುವುದಕ್ಕೇ ನಾನು ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಅಮ್ಮನಿಗೆ ಅರವತ್ತೆಂಟು, ಎರಡೂ ಮಂಡಿ ನೋವು. ಮೆಟ್ಟಿಲು ಹತ್ತಬಲ್ಲರು, ಆದರೆ ನಿಧಾನ. ಅದಕ್ಕೇ ಒಂದು ವಿಷಯ ಮೊದಲೇ ಗಟ್ಟಿ ಮಾಡಿಕೊಂಡೆ. ಬೆಂಗಳೂರಿನಿಂದ ಟೋಕಿಯೊದ ನರಿಟಾಗೆ ನೇರ ವಿಮಾನ ಇದೆ, ಹೋಗುವುದೂ ಅದರಲ್ಲೇ, ಬರುವುದೂ ಅದರಲ್ಲೇ. ಲೆಕ್ಕದ ಪ್ರಕಾರ ಟೋಕಿಯೊದಲ್ಲಿ ಇಳಿದು ಒಸಾಕಾದಿಂದ ವಾಪಸ್ ಹಾರಿದರೆ ಒಳ್ಳೆಯದು, ಮತ್ತೆ ಟೋಕಿಯೊಗೆ ಬರುವ ಟ್ರೈನ್ ದುಡ್ಡು ಉಳಿಯುತ್ತದೆ, ಅರ್ಧ ದಿನವೂ ಉಳಿಯುತ್ತದೆ. ಇಬ್ಬರೇ ಹೋಗುವವರಿಗೆ ಈಗಲೂ ಹಾಗೇ ಹೇಳುತ್ತೇನೆ. ಆದರೆ ಹಾಗೆ ಬಂದರೆ ನಡುವೆ ವಿಮಾನ ಬದಲಿಸಬೇಕು, ನಡುರಾತ್ರಿ ಇನ್ಯಾವುದೋ ದೇಶದ ಏರ್‌ಪೋರ್ಟಿನಲ್ಲಿ ಅಮ್ಮನನ್ನು ಗೇಟಿನಿಂದ ಗೇಟಿಗೆ ನಡೆಸುವುದು ನನಗೆ ಬೇಡವಾಗಿತ್ತು.

ಎರಡನೇ ವಿಷಯ ರೈಲ್ ಪಾಸ್. ಒಂದು ಸಲ ದುಡ್ಡು ಕಟ್ಟಿದರೆ ಅಷ್ಟೂ ದಿನ ಜೆಆರ್, ಅಂದರೆ ಜಪಾನ್ ರೈಲ್ವೇಸ್, ಟ್ರೈನುಗಳಲ್ಲಿ ಓಡಾಡಬಹುದು. 2019ರಲ್ಲಿ ಹೋಗಿ ಬಂದಿದ್ದ ಗೆಳತಿ ಒಬ್ಬಳು, ಏನೂ ಯೋಚನೆ ಮಾಡಬೇಡ, ಕಣ್ಣು ಮುಚ್ಚಿಕೊಂಡು ಏಳು ದಿನದ ಜೆಆರ್ ಪಾಸ್ ತಗೋ ಅಂದಿದ್ದಳು. ಅವಳ ಕಾಲಕ್ಕೆ ಅದು ಸರಿಯಾದ ಮಾತೇ. ಆಗ ಪಾಸಿಗೆ 30,000 ಯೆನ್ ಒಳಗೇ ಇತ್ತು. 2023ರ ಅಕ್ಟೋಬರ್‌ನಲ್ಲಿ ಅದು 50,000 ಯೆನ್ ಆಯಿತು, ಅಂದರೆ ತಲೆಗೆ ಸುಮಾರು ಮೂವತ್ತು ಸಾವಿರ ರೂಪಾಯಿ. ಬಿಡಿ ಟಿಕೆಟ್ ಲೆಕ್ಕ ಹಾಕಿ ನೋಡಿದೆ. ಟೋಕಿಯೊದಿಂದ ಕ್ಯೋಟೊಗೆ ಸುಮಾರು 14,000, ಕ್ಯೋಟೊದಿಂದ ಹಿರೋಷಿಮಾಗೆ 11,000ದ ಮೇಲೆ, ಹಿರೋಷಿಮಾದಿಂದ ಟೋಕಿಯೊಗೆ ವಾಪಸ್ 20,000ಕ್ಕೆ ಹತ್ತಿರ. ಎಲ್ಲಾ ಸೇರಿ 45,000 ಚಿಲ್ಲರೆ. ಅಷ್ಟೇ ಅಲ್ಲ, ಎಲ್ಲಕ್ಕಿಂತ ಬೇಗ ಹೋಗುವ ನೊಝೊಮಿ ಅನ್ನುವ ಶಿಂಕಾನ್ಸೆನ್, ಅಂದರೆ ಬುಲೆಟ್ ಟ್ರೈನ್, ಹತ್ತಬೇಕಾದರೆ ಪಾಸ್ ಇದ್ದವರೂ ಮೇಲಿಂದ ದುಡ್ಡು ಕಟ್ಟಬೇಕು, ಟೋಕಿಯೊ–ಕ್ಯೋಟೊಗೆ ಸುಮಾರು 5,000 ಯೆನ್. ಪಾಸ್ ಬಿಟ್ಟೆ. ಮಗನಿಗೆ ಹೇಗೂ ಅರ್ಧ ಟಿಕೆಟ್.

ಇನ್ನು ರೂಮು. ಊರಿಗೊಂದು ಹೋಟೆಲ್ ಅಂತ ಮೊದಲು ಬರೆದಿದ್ದೆ, ಅಪ್ಪ ನೋಡಿ ತಲೆಯಾಡಿಸಿದರು. "ಪುಟ್ಟಿ, ದಿನಾ ಗಂಟು ಮೂಟೆ ಕಟ್ಟೋದಾದ್ರೆ ನೋಡೋದು ಯಾವಾಗ?" ಅಂದರು. ಹೌದಲ್ವಾ ಅನಿಸಿತು. ಒಸಾಕಾದ ರೂಮನ್ನು ತೆಗೆದೇ ಹಾಕಿದೆ. ಏಪ್ರಿಲ್ 13ರಿಂದ ಅಲ್ಲಿ ಹಲವು ದೇಶಗಳು ಸೇರುವ ಎಕ್ಸ್‌ಪೋ ಶುರು, ರೇಟೂ ಜಾಸ್ತಿ ಕಾಣುತ್ತಿತ್ತು. ಕ್ಯೋಟೊದಿಂದ ಒಸಾಕಾಗೆ ಶಿಂಕಾನ್ಸೆನ್ನೂ ಬೇಡ, ಸ್ಪೆಷಲ್ ರ‍್ಯಾಪಿಡ್ ಅನ್ನುವ ಮಾಮೂಲಿ ಟ್ರೈನಿನಲ್ಲಿ ಅರ್ಧ ಗಂಟೆ, 600 ಯೆನ್ ಒಳಗೆ. ಹಾಗಾಗಿ ಕ್ಯೋಟೊದಲ್ಲೇ ನಾಲ್ಕು ರಾತ್ರಿ ಉಳಿಯುವುದು ಅಂತ ಆಯಿತು. ಅದೂ ದೇವಸ್ಥಾನಗಳ ಹತ್ತಿರ ಅಲ್ಲ, ಸ್ಟೇಷನ್ ಪಕ್ಕದಲ್ಲೇ. ಇದು ನಾವು ಮಾಡಿದ ಒಳ್ಳೆಯ ಕೆಲಸ. ಸಾವಿರಾರು ಕೆಂಪು ಕಮಾನು ಇರುವ ಫುಶಿಮಿ ಇನಾರಿ ದೇವಸ್ಥಾನಕ್ಕೆ ಅಲ್ಲಿಂದ ಎರಡೇ ಸ್ಟಾಪು. ಹಳೇ ದೇವಸ್ಥಾನಗಳ ಊರು ನಾರಾಗೆ ಮುಕ್ಕಾಲು ಗಂಟೆ. ಸಾಯಂಕಾಲ ಅಮ್ಮನಿಗೆ ಸುಸ್ತಾದರೆ ಹತ್ತು ನಿಮಿಷದಲ್ಲಿ ರೂಮಿನಲ್ಲಿ ಕಾಲು ಚಾಚಬಹುದು.

ಟೋಕಿಯೊದಲ್ಲೂ ಹೀಗೇ ನೋಡಿ ಉಯೆನೊದಲ್ಲಿ ರೂಮ್ ಹಿಡಿದಿದ್ದೆ. ನರಿಟಾದಿಂದ ಸ್ಕೈಲೈನರ್ ಟ್ರೈನು ಮುಕ್ಕಾಲು ಗಂಟೆಯೊಳಗೆ ನೇರ ಉಯೆನೊಗೆ ಬರುತ್ತದೆ, ಎಲ್ಲೂ ಬದಲಾಯಿಸಬೇಕಿಲ್ಲ. ಆದರೆ ಉಯೆನೊದಲ್ಲಿ ಇರುವವರು ಒಂದು ವಿಷಯ ಗಮನದಲ್ಲಿ ಇಟ್ಟುಕೊಳ್ಳಬೇಕು. ಉಯೆನೊದಲ್ಲೂ ಶಿಂಕಾನ್ಸೆನ್ ಸ್ಟೇಷನ್ ಇದೆ, ದೊಡ್ಡ ಬೋರ್ಡೂ ಇದೆ, ಆದರೆ ಅದು ಉತ್ತರದ ಕಡೆ ಹೋಗುವ ಟ್ರೈನುಗಳಿಗೆ. ಕ್ಯೋಟೊ ಕಡೆಯ ಟ್ರೈನು ಹೊರಡುವುದು ಟೋಕಿಯೊ ಸ್ಟೇಷನ್‌ನಿಂದ. ಇಷ್ಟು ನನಗೆ ಗೊತ್ತಿತ್ತು. ಟೋಕಿಯೊ ಸ್ಟೇಷನ್ನಿನ ಒಳಗೂ ಇದೇ ಕಥೆ ಇದೆ ಅಂತ ಗೊತ್ತಿರಲಿಲ್ಲ.

ಕ್ಯೋಟೊಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಎರಡು ದೊಡ್ಡ ಸೂಟ್‌ಕೇಸುಗಳನ್ನು ಹೋಟೆಲಿನವರ ಕೈಯಲ್ಲೇ ತಕ್ಯುಬಿನ್‌ಗೆ ಕೊಟ್ಟೆವು. ಬ್ಯಾಗನ್ನು ಒಂದು ಹೋಟೆಲಿನಿಂದ ಇನ್ನೊಂದಕ್ಕೆ ಮುಟ್ಟಿಸುವ ಸೇವೆ ಅದು, ಸಾಮಾನ್ಯವಾಗಿ ಮಾರನೇ ದಿನ ಬಂದು ಸೇರುತ್ತದೆ. ಒಂದಕ್ಕೆ ಎರಡೂವರೆ ಸಾವಿರ ಯೆನ್ ಹತ್ತಿರ ಆಯಿತು. ಜಾಸ್ತಿ ಅನಿಸಬಹುದು, ಆದರೆ ಶಿಂಕಾನ್ಸೆನ್‌ನಲ್ಲಿ ಉದ್ದ, ಅಗಲ, ಎತ್ತರ ಸೇರಿ 160 ಸೆಂಟಿಮೀಟರ್ ದಾಟಿದ ಬ್ಯಾಗಿಗೆ ಮೊದಲೇ ಜಾಗ ಬುಕ್ ಮಾಡಬೇಕು, ಮೇಲಾಗಿ ನನ್ನ ಒಂದು ಕೈ ಅಮ್ಮನಿಗೆ, ಇನ್ನೊಂದು ಮಗನಿಗೆ. ಕೊಟ್ಟು ಬಿಡುವುದೇ ಸರಿ.

ಹೊರಡುವ ದಿನ ನನ್ನ ಪ್ಲಾನ್ ಹೀಗಿತ್ತು. ಒಂಬತ್ತೂ ಮುಕ್ಕಾಲಿಗೆ ಹೋಟೆಲ್ ಬಿಡುವುದು. ಆಫೀಸಿಗೆ ಹೋಗುವವರ ರಶ್ ಅಷ್ಟು ಹೊತ್ತಿಗೆ ಇಳಿದಿರುತ್ತದೆ. ಉಯೆನೊದಿಂದ ಟೋಕಿಯೊಗೆ ಎಂಟೇ ನಿಮಿಷ. ಹತ್ತೂವರೆ ಸುಮಾರಿಗೆ ನೊಝೊಮಿ. ಸೀಟು ಬುಕ್ ಆಗಿತ್ತು, ಅಮ್ಮನಿಗೆ ಇ ಸೀಟು, ಯಾಕೆಂದರೆ ಮೌಂಟ್ ಫ್ಯೂಜಿ ಕಾಣುವುದು ಆ ಕಡೆಯ ಕಿಟಕಿಯಿಂದ. ಅಮ್ಮನಿಗೆ ಜಪಾನ್ ಅಂದರೆ ಆ ಬೆಟ್ಟವೇ. ನಮ್ಮ ಮನೆಯ ಹಳೇ ಕ್ಯಾಲೆಂಡರಿನ ಒಂದು ಹಾಳೆಯಲ್ಲಿ ಅದರ ಚಿತ್ರ ಇತ್ತು, ತಿಂಗಳು ಮುಗಿದರೂ ಹರಿಯದೆ ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದರು.

ಟೋಕಿಯೊ ಸ್ಟೇಷನ್ನಿನಲ್ಲಿ ಇಳಿದೆವು. ಶಿಂಕಾನ್ಸೆನ್ ಅಂತ ಹಸಿರು ಬೋರ್ಡ್ ಕಾಣಿಸಿತು, ಅದನ್ನೇ ಹಿಡಿದು ನಡೆದೆ. ನಡುವೆ ಅಮ್ಮ ಟಾಯ್ಲೆಟ್‌ಗೆ ಹೋಗಿ ಬಂದರು. ಗೇಟಿಗೆ ಟಿಕೆಟ್ ಹಾಕಿದರೆ ಟಪ್ ಅಂತ ಎರಡು ರೆಕ್ಕೆ ಮುಚ್ಚಿಕೊಂಡು ಕೆಂಪು ಲೈಟ್ ಬಂತು. ಮತ್ತೆ ಹಾಕಿದೆ, ಮತ್ತೆ ಅದೇ. ಹಿಂದೆ ಜನ ನಿಂತಿದ್ದರು. ಗೇಟಿನ ಸಿಬ್ಬಂದಿ ಟಿಕೆಟ್ ನೋಡಿ, ಬಾಗಿ, ಕೈ ಚಾಚಿ ಬೇರೆ ಕಡೆ ತೋರಿಸಿ "ಬ್ಲೂ, ಬ್ಲೂ" ಅಂದರು. ಟೋಕಿಯೊ ಸ್ಟೇಷನ್ನಿನಲ್ಲಿ ಶಿಂಕಾನ್ಸೆನ್ ಗೇಟು ಎರಡು ತರ. ಹಸಿರು ಬೋರ್ಡಿನದು ಉತ್ತರದ ಕಡೆಗೆ, ನೀಲಿ ಬೋರ್ಡಿನದು ಕ್ಯೋಟೊ, ಒಸಾಕಾ ಕಡೆಗೆ. ಪಕ್ಕಪಕ್ಕದಲ್ಲೇ ಇದ್ದರೂ ಆ ಜನರ ನಡುವೆ ಅಮ್ಮನ ನಡಿಗೆಯಲ್ಲಿ ಅದು ಪಕ್ಕ ಅಲ್ಲ. ನಾವು ಮೇಲೆ ಪ್ಲಾಟ್‌ಫಾರ್ಮಿಗೆ ಹೋಗುವಾಗ ಬಿಳಿ ಟ್ರೈನು ಸದ್ದಿಲ್ಲದೆ ಜಾರಿ ಹೋಗುತ್ತಿತ್ತು. ಮಗ ಬೋರ್ಡ್ ನೋಡಿ, "ಅಮ್ಮಾ, ಅದು ನಮ್ಮದೇ" ಅಂದ.

ನನಗೆ ಅಳುವೇ ಬಂತು. ನಾಲ್ಕು ಟಿಕೆಟ್ ದುಡ್ಡು ಹೋಯಿತು ಅಂದುಕೊಂಡೆ. ಅಮ್ಮ ನನ್ನ ಮುಖ ನೋಡಿ "ನನ್ನಿಂದಾನೇ ತಡ ಆಯ್ತು ಕಣೇ" ಅಂದಾಗ ಇನ್ನೂ ಸಂಕಟವಾಯಿತು. ಅಪ್ಪ ಮಾತ್ರ ಬೋರ್ಡ್ ಕಡೆಯೇ ನೋಡುತ್ತಾ ನಿಂತಿದ್ದರು. "ಇನ್ನೊಂದು ಇದೆ ನೋಡು, ಅದರ ಹಿಂದೆ ಇನ್ನೊಂದು. ನಮ್ಮ ಮೈಸೂರು ಬಸ್ಸಿಗಿಂತ ಜಾಸ್ತಿ ಇದಾವೆ. ಆ ಯೂನಿಫಾರ್ಮಿನವರನ್ನ ಕೇಳು" ಅಂದರು.

ಕೇಳಿದೆ. ಮಾಮೂಲಿ ರಿಸರ್ವ್ ಟಿಕೆಟ್ ಇದ್ದು ಟ್ರೈನ್ ತಪ್ಪಿದರೆ, ಅವತ್ತೇ ಹೋಗುವ ಮುಂದಿನ ಟ್ರೈನುಗಳ ರಿಸರ್ವ್ ಇಲ್ಲದ ಬೋಗಿಯಲ್ಲಿ ಅದೇ ಟಿಕೆಟ್ ಹಿಡಿದು ಕೂರಬಹುದು. ಹೊಸದಾಗಿ ಏನೂ ಕಟ್ಟಬೇಕಿಲ್ಲ. ನೊಝೊಮಿಯಲ್ಲಿ ಅಂಥ ಬೋಗಿ ಈಗ ಎರಡೇ, 1 ಮತ್ತು 2, ಅದೇ ವರ್ಷ ಮಾರ್ಚ್‌ನಲ್ಲಿ ಮೂರರಿಂದ ಎರಡಕ್ಕೆ ಇಳಿಸಿದ್ದರು. ಹದಿನಾರು ಬೋಗಿಯ, ನಾನೂರು ಮೀಟರ್ ಉದ್ದದ ಟ್ರೈನು, ಒಂದನೇ ಬೋಗಿ ಅಂದರೆ ಆ ತುದಿ. ಮೆಲ್ಲಗೆ ನಡೆದುಕೊಂಡು ಹೋಗಿ ನೆಲದ ಮೇಲೆ ಬರೆದ ಗೆರೆಯಲ್ಲಿ ಕ್ಯೂ ನಿಂತೆವು. ಟ್ರೈನು ಟೋಕಿಯೊದಿಂದಲೇ ಹೊರಡುವುದರಿಂದ ಖಾಲಿಯಾಗಿ ಬರುತ್ತದೆ, ಸೀಟು ಸಿಕ್ಕಿತು. ಕಡಿಮೆ ರೇಟಿನ ಮುಂಗಡ ಟಿಕೆಟ್ ಆಗಿದ್ದರೆ ಈ ಅನುಕೂಲ ಇರುತ್ತಿರಲಿಲ್ಲ. ಏಪ್ರಿಲ್ ಕೊನೆಗೆ ಶುರುವಾಗುವ ಗೋಲ್ಡನ್ ವೀಕ್ ರಜೆಯಲ್ಲಿ ನೊಝೊಮಿಯ ಎಲ್ಲಾ ಬೋಗಿಯೂ ರಿಸರ್ವ್ ಆಗಿರುತ್ತವೆ, ಆಗ ತಪ್ಪಿದ್ದರೆ ನಿಂತೇ ಹೋಗಬೇಕಿತ್ತು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಆ ವಾರ ಬಿಡಿ.

ಸಿಕ್ಕ ಸೀಟು ಮಾತ್ರ ಎಡಗಡೆಯವು. ಅಮ್ಮ ಏನೂ ಅನ್ನಲಿಲ್ಲ. ಬ್ಯಾಗಿನಿಂದ ಸ್ಟೇಷನ್ನಿನಲ್ಲಿ ಕೊಂಡಿದ್ದ ಒನಿಗಿರಿ ತೆಗೆದರು. ತ್ರಿಕೋನದ ಅನ್ನದ ಉಂಡೆ, ಹೊರಗೆ ಕಡಲ ಪಾಚಿಯ ಕಪ್ಪು ಹಾಳೆ, ಒಳಗೆ ಉಪ್ಪು ಹಾಕಿದ ಉಮೆ ಹಣ್ಣು. ಒಂದು ಕಚ್ಚು ಕಚ್ಚಿ ಕಣ್ಣು ಕಿರಿದು ಮಾಡಿ, "ಮಿಡಿ ಉಪ್ಪಿನಕಾಯಿನ ಅನ್ನದೊಳಗೇ ಇಟ್ಟು ಕಟ್ಟಿದಾರೆ ನೋಡೇ" ಅಂದರು. ಚಟ್ನಿಪುಡಿ ಡಬ್ಬಿಯೂ ಹೊರಗೆ ಬಂತು.

ಹೊರಟು ನಲವತ್ತು ನಿಮಿಷ ಆಗಿರಬೇಕು, ಮಗ "ಅಜ್ಜಿ, ಬಲಗಡೆ!" ಅಂತ ಕೂಗಿದ. ಬೆಟ್ಟ ಪೂರ್ತಿ ಬಿಚ್ಚಿಕೊಂಡು ನಿಂತಿತ್ತು, ತಲೆ ಮೇಲೆ ಬಿಳಿ ಹಿಮ. ಅಮ್ಮ ಕೂತಲ್ಲೇ ಕತ್ತು ಚಾಚಿದರು. ಆಚೆ ಕಿಟಕಿಯ ಪಕ್ಕ ಕೂತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತಿದ್ದವರು ಒಮ್ಮೆ ಅಮ್ಮನನ್ನು, ಒಮ್ಮೆ ಬೆಟ್ಟವನ್ನು ನೋಡಿದರು. ಲ್ಯಾಪ್‌ಟಾಪ್ ಮಡಚಿ, ಎದ್ದು ದಾರಿಗೆ ಬಂದು, ತಮ್ಮ ಸೀಟು ತೋರಿಸಿದರು. ಅಮ್ಮ ಹೋಗಿ ಕೂತರು. ಕಿಟಕಿ ಗಾಜಿಗೆ ಅಂಗೈ ಒತ್ತಿಟ್ಟು, ಫ್ಯಾಕ್ಟರಿ ಚಿಮಣಿಗಳ ಹಿಂದೆ ಅದು ಮರೆಯಾಗುವ ತನಕ ನೋಡಿದರು. ಎದ್ದು ಕೈ ಮುಗಿದರು, ಅವರು ಬಾಗಿದರು. ಇಬ್ಬರೂ ಒಂದು ಮಾತೂ ಆಡಲಿಲ್ಲ.

ಅವತ್ತು ರಾತ್ರಿ ಕ್ಯೋಟೊದ ರೂಮಿನಲ್ಲಿ, ಸೂಟ್‌ಕೇಸುಗಳು ಬಂದು ಕೂತಿದ್ದವು, ಅಪ್ಪ ನನ್ನ ಪ್ಲಾನಿನ ಪ್ರಿಂಟ್ ಔಟ್ ಕೇಳಿದರು. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿ, "ಇದರಲ್ಲಿ ಬರೀ ಓಡೋ ಟೈಮು ಇದೆ, ನಿಲ್ಲೋ ಟೈಮೇ ಇಲ್ವಲ್ಲ ಪುಟ್ಟಿ" ಅಂದರು. ಬಸ್ಸಿನ ಶೆಡ್ಯೂಲ್ ಮಾಡುವಾಗ ಊರಿಂದ ಊರಿಗೆ ಎಷ್ಟು ಹೊತ್ತು ಅಂತ ಯಾರು ಬೇಕಾದರೂ ಬರೆಯಬಹುದಂತೆ. ಸ್ಟ್ಯಾಂಡಿನಲ್ಲಿ ಜನ ಇಳಿಯಬೇಕು, ಹತ್ತಬೇಕು, ಡ್ರೈವರ್ ಟೀ ಕುಡಿಯಬೇಕು, ಅದನ್ನು ಬರೆಯದಿದ್ದರೆ ಮೊದಲ ಟ್ರಿಪ್ಪಿಗೇ ಬಸ್ಸು ಲೇಟಾಗಿ ಸಾಯಂಕಾಲದ ತನಕ ಲೇಟೇ ಓಡುತ್ತದೆ. ನಾನು ಟ್ರೈನಿನ ಎರಡೂ ಕಾಲು ಗಂಟೆಯನ್ನು ನಿಮಿಷ ಬಿಡದೆ ಬರೆದಿದ್ದೆ. ಟೋಕಿಯೊ ಸ್ಟೇಷನ್ನಿನ ಒಳಗೆ ನಡೆಯುವುದಕ್ಕೆ ಒಂದು ಸಾಲೂ ಇರಲಿಲ್ಲ.

ಇಬ್ಬರೂ ಕೂತು ಉಳಿದ ದಿನಗಳನ್ನು ತಿದ್ದಿದೆವು. ಪ್ರತಿ ದೊಡ್ಡ ಸ್ಟೇಷನ್ನಿಗೆ ನಲವತ್ತು ನಿಮಿಷ ಹಾಲ್ಟ್. ಲಿಫ್ಟ್ ಇರುವ ಗೇಟ್ ಯಾವುದು ಅಂತ ಹಿಂದಿನ ರಾತ್ರಿಯೇ ಮ್ಯಾಪಿನಲ್ಲಿ ನೋಡಿಕೊಳ್ಳುವುದು. ಹಿರೋಷಿಮಾವನ್ನು ಕ್ಯೋಟೊದಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು, ಒಂದು ಕಡೆಗೆ ಒಂದೂ ಮುಕ್ಕಾಲು ಗಂಟೆಯೊಳಗೇ, ತುಂಬಾ ಜನ ಹಾಗೇ ಮಾಡುತ್ತಾರೆ. ಆದರೆ ನಾವು ಅಲ್ಲೊಂದು ರಾತ್ರಿ ಉಳಿಯುವುದು ಅಂತ ಮೊದಲೇ ಮಾಡಿದ್ದು ಸರಿಯಾಗಿತ್ತು, ಅದನ್ನು ಮುಟ್ಟಲಿಲ್ಲ. ಹಿರೋಷಿಮಾದಿಂದ ವಿಮಾನದ ದಿನವೇ ನೇರ ನರಿಟಾಗೆ ಹೋಗುವುದು ಅಂತ ಇದ್ದದ್ದನ್ನು ಮಾತ್ರ ಬದಲಿಸಿದೆವು. ಒಂದು ದಿನ ಮೊದಲೇ ಹೊರಟು, ಟೋಕಿಯೊಗೆ ನಾಲ್ಕು ಗಂಟೆ ಹತ್ತಿರದ ಪ್ರಯಾಣ ಮುಗಿಸಿ, ಕೊನೆಯ ರಾತ್ರಿ ಮತ್ತೆ ಉಯೆನೊದಲ್ಲಿ. ಇದಕ್ಕಾಗಿ ಹಿರೋಷಿಮಾ ಹತ್ತಿರದ ಮಿಯಾಜಿಮಾ ದ್ವೀಪ ಬಿಟ್ಟೆವು. ಅದು ಬಿಟ್ಟಿದ್ದಕ್ಕೆ ನನಗೆ ಈಗಲೂ ಬೇಸರ ಇದೆ.

ಹಿರೋಷಿಮಾ ಸ್ಟೇಷನ್ನಿನಿಂದ ಪೀಸ್ ಪಾರ್ಕಿಗೆ ಟ್ಯಾಕ್ಸಿ ಅಂತ ಬರೆದಿದ್ದೆ, ಅಮ್ಮನ ಮಂಡಿಗಾಗಿ. ಹೊರಗೆ ಬಂದರೆ ಟ್ರ್ಯಾಮ್ ನಿಂತಿತ್ತು. ಅಪ್ಪ ಟ್ಯಾಕ್ಸಿ ಕಡೆ ನೋಡಲೇ ಇಲ್ಲ. ಟ್ರ್ಯಾಮಿನಲ್ಲಿ ಡ್ರೈವರ್ ಹಿಂದೆಯೇ ನಿಂತು, ಪ್ರತಿ ಸ್ಟಾಪಿನಲ್ಲಿ ಅವರು ಕೈ ಎತ್ತಿ ತೋರಿಸಿ, ಬಾಯಲ್ಲಿ ಹೇಳಿಕೊಂಡು ಹೊರಡುವುದನ್ನು ನೋಡುತ್ತಿದ್ದರು. ಅಣುಬಾಂಬ್ ಬಿದ್ದದ್ದು 1945ರ ಆಗಸ್ಟ್ 6ರಂದು. ಮೂರೇ ದಿನಕ್ಕೆ, ಆಗಸ್ಟ್ 9ಕ್ಕೆ, ಊರಿನ ಒಂದು ಸಣ್ಣ ಭಾಗದಲ್ಲಿ ಟ್ರ್ಯಾಮ್ ಮತ್ತೆ ಓಡಿತ್ತು. ನಾನು ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೂರು ದಿನಕ್ಕೆ ಡ್ಯೂಟಿಗೆ ಬಂದಿದಾರೆ ಅಂದ್ರೆ, ಮನೇಲಿ ಯಾರು ಉಳಿದಿದ್ರೋ ಏನೋ" ಅಂದರು. ಬಾಂಬ್ ಬಿದ್ದ ಮೇಲೂ ಉಳಿದು ನಿಂತ ಗುಮ್ಮಟದ ಸ್ಟಾಪಿನಲ್ಲಿ ಇಳಿಯುವಾಗ ಡ್ರೈವರ್‌ಗೆ ಕೈ ಎತ್ತಿ ನಮಸ್ಕಾರ ಮಾಡಿದರು.

ಮೊನ್ನೆ ಮೈಸೂರಿನಿಂದ ಚಿಕ್ಕಪ್ಪ ಫೋನ್ ಮಾಡಿದ್ದರು, ಅವರೂ ಚಿಕ್ಕಮ್ಮನೂ ಹೊರಟಿದ್ದಾರೆ, ಪ್ಲಾನ್ ಕಳಿಸು ಅಂದರು. ನನ್ನ ಎಕ್ಸೆಲ್ ಶೀಟ್ ಕಳಿಸಿದೆ. ಅಪ್ಪ ಅದರ ಜೊತೆಗೆ ತಮ್ಮ ಡೈರಿಯ ಒಂದು ಪುಟದ ಫೋಟೋ ತೆಗೆದು ಕಳಿಸಿದರು. ನೀಲಿ ಪೆನ್ನಿನಲ್ಲಿ ಬರೆದದ್ದು: ಟೋಕಿಯೊ ಸ್ಟೇಷನ್, ನೀಲಿ ಬೋರ್ಡ್, ಹಾಲ್ಟ್ 40 ನಿಮಿಷ. ಅದರ ಕೆಳಗೆ ಗೆರೆ ಎಳೆದು, ಚಿಕ್ಕಮ್ಮನಿಗೆ ಇ ಸೀಟು.