ಏಳು ಪರ್ಸೆಂಟ್

"ಅದೆಲ್ಲ ಬರೀ ಜ್ವರ. ಹೆದರಿಸಿ ಹಣ ಮಾಡಿದರು, ಅಷ್ಟೆ."

ಭಾನುವಾರ ಕಾಪುವಿನ ಗೃಹಪ್ರವೇಶದಲ್ಲಿ, ಊಟದ ಪಂಕ್ತಿಯಲ್ಲಿ ಕುಳಿತು ದೊಡ್ಡಪ್ಪ ಕೋವಿಡ್ ಬಗ್ಗೆ ಹೇಳಿದ ಮಾತು. ಎದುರಿನ ಎಲೆಯಲ್ಲಿ ಅಪ್ಪ ಇದ್ದರು. ಸಾರಿಗೆ ಅನ್ನ ಕಲಸುತ್ತಲೇ ಇದ್ದರು, ತಲೆ ಎತ್ತಲಿಲ್ಲ. ನಾನೂ ಸುಮ್ಮನಿದ್ದೆ. ಸುಮ್ಮನಿರಬಾರದಿತ್ತು ಎಂದು ನಾಲ್ಕು ದಿನದಿಂದ ಸಂಕಟಪಡುತ್ತಿದ್ದೇನೆ. ದೊಡ್ಡಪ್ಪ ಕೆಟ್ಟವರಲ್ಲ. ಆದರೆ ತಮ್ಮ ಮನೆಗೆ ಬಾರದ ಕಷ್ಟವನ್ನು ಅವರು ಎಂದೂ ನಂಬಿದವರಲ್ಲ.

2021ರ ಮೇ. ಅಪ್ಪನಿಗೆ ಐದು ದಿನ ಜ್ವರ, ಒಣಕೆಮ್ಮು. ಬಂಗುಡೆ ಸಾರಿನ ವಾಸನೆಯೇ ಬರುತ್ತಿಲ್ಲ ಎಂದಿದ್ದರು. ಆರನೆಯ ದಿನ ಜ್ವರ ಬಿಟ್ಟಿತು, ಗೆದ್ದೆವು ಎಂದುಕೊಂಡೆವು. ಏಳನೆಯ ಸಂಜೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿದರೆ 84. 94ಕ್ಕಿಂತ ಇಳಿದರೆ ಆಸ್ಪತ್ರೆಗೆ ಓಡಬೇಕೆಂದು ಮಕ್ಕಳಿಗೂ ಗೊತ್ತಿದ್ದ ಕಾಲ ಅದು. ಅಪ್ಪ ಆರಾಮವಾಗಿ ಪೇಪರ್ ಓದುತ್ತಿದ್ದರು. "ನನಗೆ ಉಸಿರು ಸರಿಯಾಗಿಯೇ ಇದೆ ಮಾರಾಯ, ಆ ಯಂತ್ರ ಹಾಳಾಗಿದೆ."

ಮಂಗಳೂರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ವೈದ್ಯೆಗೂ ಅದನ್ನೇ ಹೇಳಿದರು. ಆಕೆ ರಕ್ತದ ವರದಿಯನ್ನು ನನ್ನ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇವರ ಮುಖ ನೋಡಬೇಡಿ. ಇದನ್ನು ನೋಡಿ."

ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಲಿಂಫೋಸೈಟ್ 7 ಪರ್ಸೆಂಟ್. ಇರಬೇಕಾದದ್ದು 20ರಿಂದ 40. ಉರಿಯೂತದ ಮಟ್ಟ ಹೇಳುವ ಸಿಆರ್‌ಪಿ ನೂರು ದಾಟಿತ್ತು. ರಕ್ತ ಹೆಪ್ಪುಗಟ್ಟುವ ಸೂಚನೆ ಕೊಡುವ ಡಿ-ಡೈಮರ್ ಮೂರು ಪಟ್ಟು ಏರಿತ್ತು. ಸಿಟಿ ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶಗಳ ತುಂಬ ಮಂಜು ಕವಿದ ಗಾಜಿನಂಥ ಕಲೆ. ಪೇಪರ್ ಓದುತ್ತಿದ್ದ ಮನುಷ್ಯನ ಒಳಗೆ ಇಷ್ಟೆಲ್ಲ ನಡೆದಿತ್ತು.

ಆ ಬೆರಳು ಈ ವಾರ ಮತ್ತೆ ಮತ್ತೆ ಕಣ್ಣಿಗೆ ಬರುತ್ತಿದೆ. ಚೀನಾದ ವುಹಾನಿನ ಆಸ್ಪತ್ರೆಗೆ ಸೇರಿದ್ದ 41 ಕೋವಿಡ್ ರೋಗಿಗಳ ವಿವರವನ್ನು 2020ರ ಜನವರಿಯಲ್ಲೇ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಪ್ರಕಟಿಸಿತ್ತು ಎಂದು ಆಮೇಲೆ ಓದಿ ತಿಳಿದೆ. 40 ಜನರಿಗೆ ಜ್ವರ, 26 ಜನರಲ್ಲಿ ಲಿಂಫೋಸೈಟ್ ಕಡಿಮೆ. ರೋಗಕ್ಕೆ ಇನ್ನೂ ಸರಿಯಾದ ಹೆಸರಿಲ್ಲದಾಗಲೇ ಯಾರೋ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಎಣಿಸಿ ಬರೆದಿಟ್ಟಿದ್ದರು. ಬೆರಳನ್ನು ಎಲ್ಲಿಡಬೇಕೆಂದು ನಮ್ಮ ವೈದ್ಯೆಗೆ ಗೊತ್ತಾದದ್ದು ಅಂಥವರಿಂದ.

ಆಮೇಲೆ ಆಮ್ಲಜನಕ, ಉರಿಯೂತ ತಗ್ಗಿಸುವ ಡೆಕ್ಸಾಮೆಥಸೋನ್, ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಹೆಪಾರಿನ್ ಇಂಜೆಕ್ಷನ್, ಬೋರಲು ಮಲಗಿಸುವುದು. ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಸಂಜೆ ಗೇಟಿನ ಬಳಿ ನಿಂತು ನರ್ಸಿಗೆ ಫೋನ್ ಮಾಡಿದರೆ, ಅಪ್ಪ ಊಟ ಮಾಡಿದರೇ ಎಂದು ಕೇಳುವ ಮೊದಲು "ಇವತ್ತು ಲಿಂಫೋಸೈಟ್ ಎಷ್ಟು?" ಎನ್ನುತ್ತಿದ್ದೆ. 9. 12. ಎಂಟನೆಯ ದಿನ 21.

ಪಕ್ಕದ ಹಾಸಿಗೆಯವರ ಮಗಳೂ ಅಲ್ಲೇ ನಿಲ್ಲುತ್ತಿದ್ದಳು, ಕುಂದಾಪುರದ ಕಡೆಯವಳು. ನಾವಿಬ್ಬರೂ ದಿನವೂ ಸಂಖ್ಯೆ ಹೇಳಿಕೊಳ್ಳುತ್ತಿದ್ದೆವು. ಅವಳ ತಂದೆಯದು 6, 5, ಮತ್ತೆ 5. ಒಂದು ಸಂಜೆ ನನ್ನದನ್ನು ಹೇಳಲು ನಾಲಿಗೆ ಏಳಲಿಲ್ಲ. ಮರುದಿನ ಅವಳು ಬರಲಿಲ್ಲ.

ದೊಡ್ಡಪ್ಪ "ಬರೀ ಜ್ವರ" ಎಂದಾಗ ನನಗೆ ಮೊದಲು ನೆನಪಾದವಳು ಅವಳು.