ತಂದೆಯವರ ವಾಲ್ವ್ ರೇಡಿಯೊ: ಕರಕರ ಸದ್ದಿನ ಮೂಲ ಸಿಕ್ಕಿತು

ಬೇಸಿಗೆಯಿಡೀ ಕಾಡಿದ ಕರಕರ ಸದ್ದು ಕೊನೆಗೂ ನಿಂತಿದೆ. ದೋಷವಿದ್ದದ್ದು ಮೊದಲ ಐಎಫ್ ಟ್ರಾನ್ಸ್‌ಫಾರ್ಮರಿನ (ನಿಲ್ದಾಣದ ಸಿಗ್ನಲ್ಲನ್ನು ಮಧ್ಯಂತರ ಕಂಪನಾಂಕಕ್ಕೆ ಇಳಿಸಿದ ಮೇಲೆ ಮುಂದಿನ ಹಂತಕ್ಕೆ ದಾಟಿಸುವ ಜೋಡಿ ಸುರುಳಿಯ) ತಳದಲ್ಲಿ ಅಡಗಿರುವ ಬೆಳ್ಳಿ ಲೇಪದ ಮೈಕಾ ಹಾಳೆಯಲ್ಲಿ. ರೇಡಿಯೊ ಬಲ್ಲ ಸ್ನೇಹಿತರೆಲ್ಲ ಬೊಟ್ಟು ಮಾಡಿದ್ದ, ತಂದೆಯವರು ಹಾಕಿಸಿಕೊಂಡಿದ್ದ ಇಯರ್‌ಫೋನ್ ಸಾಕೆಟ್ ನಿರ್ದೋಷಿ ಎಂದು ಸಾಬೀತಾಗಿದೆ. ನನಗೆ ಈ ಎರಡನೆಯ ಸಂಗತಿಯೇ ಹೆಚ್ಚು ಸಂತೋಷ ಕೊಟ್ಟಿದೆ.

ಎಲೆಕ್ಟ್ರೊಲಿಟಿಕ್‌ಗಳು, ಪೇಪರ್ ಕೆಪಾಸಿಟರ್‌ಗಳು, ಸ್ಪೀಕರನ್ನು ನಡೆಸುವ ಇಎಲ್84 ವಾಲ್ವಿನ ಗ್ರಿಡ್‌ಗೆ (ಸಿಗ್ನಲ್ ಒಳಹೋಗುವ ತುದಿಗೆ) ಹೋಗುವ ಕಪ್ಲಿಂಗ್ ಕೆಪಾಸಿಟರ್ ಇವೆಲ್ಲ ಮೊದಲೇ ಬದಲಾಗಿದ್ದವು. ಹಳೆಯ ರೇಡಿಯೊ ರಿಪೇರಿಯಲ್ಲಿ ಅದು ಮಾಮೂಲು ಕೆಲಸ. ಸಾಕೆಟ್‌ನ ವಿಷಯವನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು.

ತಂದೆಯವರು ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿ, ಕಂದಾಯ ಇಲಾಖೆಗೆ ಗುಮಾಸ್ತರಾಗಿ ಸೇರಿ, 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಕಚೇರಿಯ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯಲು ಹೊಸದಾಗಿ ಕೈ ತಿದ್ದಿಕೊಂಡು, ತಹಸೀಲ್ದಾರರಾಗಿ ನಿವೃತ್ತರಾದವರು. ಚಿಂಚೋಳಿ, ಯಾದಗಿರಿ, ಹುಮನಾಬಾದ್ ಎಂದು ವರ್ಗವಾದಲ್ಲೆಲ್ಲ ಈ ರೇಡಿಯೊ ಹಾಸಿಗೆಗಳ ನಡುವೆ ಸುತ್ತಿಕೊಂಡು ಅವರೊಂದಿಗೆ ಪ್ರಯಾಣ ಮಾಡಿದೆ. 1972ರ ಬರಗಾಲದಲ್ಲಿ ಪರಿಹಾರ ಕಾಮಗಾರಿಗಳ ಮಸ್ಟರ್ ರೋಲ್ ತಪಾಸಣೆ ಮುಗಿಸಿ ಎಷ್ಟೇ ತಡವಾಗಿ ಬಂದರೂ, 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಗೇಣಿದಾರರು ಭೂಮಿಯ ಹಕ್ಕು ಕೋರುವ ನಮೂನೆ 7ರ ಅರ್ಜಿಗಳ ಕಟ್ಟುಗಳನ್ನು ಮನೆಗೇ ಹೊತ್ತು ತಂದರೂ, ಶನಿವಾರ ರಾತ್ರಿ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವನ್ನು ಅವರು ಬಿಡುತ್ತಿರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಗಾಯನವಿದ್ದರಂತೂ ಊಟವನ್ನೇ ಮುಂದೂಡುತ್ತಿದ್ದರು. ಆದರೆ ಅಕ್ಕ ಎಸ್‌ಎಸ್‌ಎಲ್‌ಸಿಗೆ ಬಂದ ವರ್ಷ, ಒಂದೇ ಕೋಣೆಯಲ್ಲಿ ಓದುವವಳಿಗೆ ತೊಂದರೆಯಾಗಬಾರದೆಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಗೆ (ಸ್ಪೀಕರಿನ ಕಡೆಯ ಸುರುಳಿಗೆ) ಒಂದು ಸಾಕೆಟ್ ಹಾಕಿಸಿದರು. ಇಯರ್‌ಫೋನ್ ಚುಚ್ಚಿದರೆ ಸ್ಪೀಕರ್ ಬಂದ್ ಆಗುತ್ತದೆ. ಮಗಳ ಓದೂ ನಡೆಯಿತು, ಅವರ ಸಂಗೀತವೂ ನಡೆಯಿತು.

ಸದ್ದು ಶುರುವಾದಾಗ ಎಲ್ಲರ ಸಲಹೆ ಒಂದೇ: ಆ ಹಳೆಯ ಸಾಕೆಟ್‌ನ ಸ್ಪರ್ಶ ಬಿಂದುಗಳು ಕಿಲುಬು ಹಿಡಿದಿವೆ, ಕತ್ತರಿಸಿ ಒಗೆಯಿರಿ. ನಾನು ಒಪ್ಪಲಿಲ್ಲ. ಅಹವಾಲು ಹಿಡಿದು ಬಂದವರ ಮಾತು ಕೇಳದೆ ಷರಾ ಬರೆಯುವ ಅಧಿಕಾರಿಗಳನ್ನು ಕಂಡರೆ ತಂದೆಯವರಿಗೆ ಆಗುತ್ತಿರಲಿಲ್ಲ. ರೇಡಿಯೊ ಕೆಟ್ಟು ನಾವು ಅದರ ತಲೆಗೆ ಬಡಿದರೂ, "ಹೊಡೀಬ್ಯಾಡ್ರಿ, ಅದರ ಅರ್ಜಿ ಏನದ ಮೊದಲ ಕೇಳ್ರಿ" ಎಂದು ನಗುತ್ತಿದ್ದರು. ಅದೇ ಕ್ರಮದಲ್ಲಿ ವಿಚಾರಣೆ ನಡೆಸಿದೆ.

ಸದ್ದು ಬರುತ್ತಿದ್ದದ್ದು ಸೆಟ್ಟು ಚೆನ್ನಾಗಿ ಕಾದ ಮೇಲೆ. ಕಲಬುರಗಿಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದ ಮಧ್ಯಾಹ್ನಗಳಲ್ಲಿ ಬೇಗ, ರಾತ್ರಿಯಲ್ಲಿ ತಡವಾಗಿ. ವಾಲ್ಯೂಮ್ ಪೂರ್ತಿ ಇಳಿಸಿದರೆ ಮೌನ. ವಾಲ್ಯೂಮ್ ಕಂಟ್ರೋಲಿನ ನಂತರದ ವಾಲ್ವುಗಳೇ ಸದ್ದು ಹುಟ್ಟಿಸುತ್ತಿದ್ದರೆ ವಾಲ್ಯೂಮ್ ಸೊನ್ನೆಯಲ್ಲಿದ್ದಾಗಲೂ ಅದು ಕೇಳಿಸಬೇಕಿತ್ತು. ಆದ್ದರಿಂದ ಮೂಲ ವಾಲ್ಯೂಮ್ ಕಂಟ್ರೋಲಿಗಿಂತ ಹಿಂದಿನ ಹಂತಗಳಲ್ಲಿದೆ ಎಂಬ ಅನುಮಾನ ಬಲವಾಯಿತು. ನಿಲ್ದಾಣದ ಸಿಗ್ನಲ್ಲನ್ನು ಐಎಫ್‌ಗೆ ಬದಲಿಸುವ ಇಸಿಎಚ್81 ವಾಲ್ವನ್ನು ಕಿತ್ತಿಟ್ಟು ನಿಲ್ದಾಣವನ್ನೇ ತಡೆದರೂ ಸದ್ದು ಮುಂದುವರಿಯಿತು. ಸಾಕೆಟ್‌ನ ಕೆಟ್ಟ ಸಂಪರ್ಕ ಹಾದುಹೋಗುವ ಧ್ವನಿಯನ್ನು ತುಂಡರಿಸಬಲ್ಲದೇ ಹೊರತು, ಧ್ವನಿಯೇ ಇಲ್ಲದಾಗ ತಾನಾಗಿ ಸದ್ದು ಹುಟ್ಟಿಸಲಾರದು; ಅಲ್ಲಿಗೆ ಸಾಕೆಟ್ ಮೇಲಿನ ಆರೋಪ ಬಿದ್ದುಹೋಯಿತು. ನಿಜವಾದ ತೊಡಕು ಎದುರಾದದ್ದು ಇಲ್ಲಿ. ಮುಂದಿನ ವಾಲ್ವ್ ಇಬಿಎಫ್89 ಒಂದೇ ಗಾಜಿನ ಬುರುಡೆಯೊಳಗೆ ಐಎಫ್ ಆಂಪ್ಲಿಫೈಯರ್ (ಸಿಗ್ನಲ್ ಹಿಗ್ಗಿಸುವ ಭಾಗ) ಮತ್ತು ಡಿಟೆಕ್ಟರ್ (ಸಿಗ್ನಲ್ಲಿನಿಂದ ಧ್ವನಿ ಬೇರ್ಪಡಿಸುವ ಭಾಗ) ಎರಡನ್ನೂ ಇಟ್ಟುಕೊಂಡಿದೆ. ಅದನ್ನು ಕಿತ್ತರೆ ದೋಷವಿರುವ ದಾರಿಯೂ ದೋಷವಿಲ್ಲದ ದಾರಿಯೂ ಒಟ್ಟಿಗೇ ಮುಚ್ಚಿಹೋಗುತ್ತವೆ. ತಪ್ಪು ಆಂಪ್ಲಿಫೈಯರ್‌ಗೆ ಸಿಗ್ನಲ್ ತರುವ ಮೊದಲ ಟ್ರಾನ್ಸ್‌ಫಾರ್ಮರಿನದೋ ಅಲ್ಲಿಂದ ಡಿಟೆಕ್ಟರಿಗೆ ಒಯ್ಯುವ ಎರಡನೆಯದರದೋ ಎಂದು ತಿಳಿಯುವುದೇ ಇಲ್ಲ.

ಕೊನೆಗೆ ವಾಲ್ವನ್ನು ಅದರ ಜಾಗದಲ್ಲೇ ಬಿಟ್ಟು, ಅದರ ಕಂಟ್ರೋಲ್ ಗ್ರಿಡ್‌ನಿಂದ ಚಾಸಿಗೆ (ಲೋಹದ ಚೌಕಟ್ಟಿಗೆ) 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಿಡಿದು, ಒಳಬರುವ ಸಿಗ್ನಲ್ಲನ್ನು ಮಾತ್ರ ತಡೆದೆ. ಸದ್ದು ತಕ್ಷಣ ನಿಂತಿತು. ತೆಗೆದ ಕೂಡಲೇ ಮರಳಿತು. ಅಲ್ಲಿಗೆ ಎರಡನೆಯ ಟ್ರಾನ್ಸ್‌ಫಾರ್ಮರ್ ಬಿಡುಗಡೆಯಾಯಿತು. ಬಳಿಕ ಮೊದಲ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಗೆ ಸೇರುವ ಎವಿಸಿ (ಸದ್ದಿನ ಮಟ್ಟವನ್ನು ತಾನಾಗಿ ಹೊಂದಿಸುವ) ತಂತಿಗೆ ಮಲ್ಟಿಮೀಟರ್ ಇಟ್ಟು, ಇಸಿಎಚ್81 ಇಲ್ಲದೆಯೇ ಸೆಟ್ಟನ್ನು ಕಾಯಿಸಿದೆ. ಸೊನ್ನೆ ಅಥವಾ ಋಣ ವೋಲ್ಟೇಜ್ ಇರಬೇಕಾದ ಆ ಜಾಗದಲ್ಲಿ ಪ್ರತಿ ಕರಕರಕ್ಕೂ ಧನ ವೋಲ್ಟೇಜ್ ಚಿಮ್ಮುತ್ತಿತ್ತು. ಆ ಟ್ರಾನ್ಸ್‌ಫಾರ್ಮರಿನ ಪ್ರೈಮರಿ (ಮೊದಲ) ಸುರುಳಿಯ ಮೇಲೆ 200 ವೋಲ್ಟಿಗಿಂತ ಹೆಚ್ಚು ಡಿಸಿ ಸದಾ ನಿಂತಿರುತ್ತದೆ. ವರ್ಷಗಳ ಕಾಲ ತೇವ ಮತ್ತು ಆ ಒತ್ತಡಕ್ಕೆ ಸಿಕ್ಕಿ ಮೈಕಾದ ಬೆಳ್ಳಿ ಮೆಲ್ಲಗೆ ಹರಡಿ, ಪ್ರೈಮರಿಯಿಂದ ಸೆಕೆಂಡರಿಯ ಕಡೆಗೆ ಕೂದಲೆಳೆಯಷ್ಟು ದಾರಿ ಮಾಡಿಕೊಂಡಿತ್ತು. ಅಲ್ಯೂಮಿನಿಯಂ ಡಬ್ಬಿ ಬಿಚ್ಚಿದಾಗ ಹಾಳೆಯ ಮೇಲೆ ಕಪ್ಪು ಕಲೆಗಳು ಬರಿಗಣ್ಣಿಗೇ ಕಂಡವು.

ಹಾಳೆಯನ್ನು ತೆಗೆದು ಅದರ ಬದಲು 500 ವೋಲ್ಟಿನ ಬಿಡಿ ಸಿಲ್ವರ್ ಮೈಕಾ ಕೆಪಾಸಿಟರ್‌ಗಳನ್ನು ಹಾಕಬೇಕಿತ್ತು. ನಮ್ಮೂರ ಸೂಪರ್ ಮಾರ್ಕೆಟ್ ಸುತ್ತಲಿನ ಅಂಗಡಿಗಳಲ್ಲಿ ಈಗ ಸಿಗುವುದು ಹೆಚ್ಚಾಗಿ ಮೊಬೈಲ್ ಸಾಮಾನು. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಒಬ್ಬರು "ಅಸಲಿ ಮಾಲು" ಎಂದು ಕೊಟ್ಟದ್ದು ಕಂದು ಬಣ್ಣ ಬಳಿದ ಸೆರಾಮಿಕ್ ಎಂಬುದು, ಹೇರ್ ಡ್ರೈಯರ್ ಹಿಡಿದೊಡನೆ ಮೌಲ್ಯ ಜಾರತೊಡಗಿದಾಗ ಬಯಲಾಯಿತು. ಟ್ಯೂನ್ ಆದ ಸರ್ಕ್ಯೂಟಿಗೆ ಇಂಥದ್ದನ್ನು ಮಾರುವುದು ಅನ್ಯಾಯ. ಮುಂಬಯಿಯಿಂದ ಅಂಚೆಯಲ್ಲಿ ಬಂದವು ಮಾತ್ರ ನಿಜವಾದವು.

ಆ ಪಾರ್ಸೆಲ್ ಕಾಯುವ ದಿನಗಳಲ್ಲಿ ತಂದೆಯವರ ಎಚ್‌ಎಂಟಿ ಜನತಾ ಕೈಗಡಿಯಾರದ ಹಿಂಬದಿ ಬಿಚ್ಚಿದೆ. ಮುಂದಿನ ಕೆಲಸ ಅದೇ. 17 ಜ್ಯೂಯೆಲ್, ಕೀಲಿ ಕೊಡುವ ಯಂತ್ರ. ಎಣ್ಣೆ ಗಟ್ಟಿಯಾಗಿರುವುದನ್ನು ಬಿಟ್ಟರೆ ಬ್ಯಾಲೆನ್ಸ್ ಆರೋಗ್ಯವಾಗಿದೆ. ಹೊಸದಾಗಿ ಮುದ್ರಿಸಿದ ಡಯಲ್‌ಗಳನ್ನು ಹಳೆಯವೆಂದು ಮಾರುವವರು ಬಹಳ ಇದ್ದಾರೆ. ನಾನು ಡಯಲ್ ಬದಲಿಸುವುದಿಲ್ಲ. ದಿನವೂ ಬೆಳಿಗ್ಗೆ 7.35ರ ಕನ್ನಡ ವಾರ್ತೆಗೆ ಅವರು ಸಮಯ ಹೊಂದಿಸಿಕೊಳ್ಳುತ್ತಿದ್ದದ್ದು ಈ ಮಾಸಿದ ಡಯಲ್ ನೋಡಿಯೇ.

ರೇಡಿಯೊಗೆ ಮರಳುತ್ತೇನೆ. ಕೆಪಾಸಿಟರ್‌ಗಳನ್ನು ಬೆಸೆದು, ಎರಡೂ ಟ್ರಾನ್ಸ್‌ಫಾರ್ಮರ್‌ಗಳ ಕೋರ್‌ಗಳನ್ನು 455 ಕಿಲೊಹರ್ಟ್ಸ್‌ಗೆ ಹೊಂದಿಸಿದೆ. ಡಯಲ್ ಗಾಜಿನ ಒಳಬದಿಯ ಕಾಗದದ ಮೇಲೆ, 270 ಮೀಟರ್ ತರಂಗಾಂತರದ ಆಸುಪಾಸಿನಲ್ಲಿ, ಆಕಾಶವಾಣಿ ಕಲಬುರಗಿಗೆಂದು ತಂದೆಯವರು ಎಳೆದ ಪೆನ್ಸಿಲ್ ಗೆರೆಯಿದೆ. ಐಎಫ್ ಎಳ್ಳಷ್ಟು ತಪ್ಪಿದ್ದರೂ ಮುಳ್ಳು ಅಲ್ಲಿ ನಿಲ್ಲುವುದಿಲ್ಲ. ಸಿಗ್ನಲ್ ಜನರೇಟರನ್ನು ಆ ನಿಲ್ದಾಣದ ಕಂಪನಾಂಕವಾದ 1107 ಕಿಲೊಹರ್ಟ್ಸ್‌ಗೆ ಇಟ್ಟು ಗುಂಡಿ ತಿರುಗಿಸಿದೆ; ಸ್ವರ ಗರಿಷ್ಠವಾದಾಗ ಮುಳ್ಳು ಸರಿಯಾಗಿ ಆ ಗೆರೆಯ ಮೇಲೆಯೇ ಇತ್ತು. ಯಾವ ಉಪಕರಣದ ಪ್ರಮಾಣಪತ್ರಕ್ಕಿಂತಲೂ ನನಗೆ ಅದು ದೊಡ್ಡದು.

ಸಾಕೆಟ್‌ನ ಸ್ಪರ್ಶ ಬಿಂದುಗಳನ್ನು ಒರೆಸಿ ಹಾಗೆಯೇ ಉಳಿಸಿದ್ದೇನೆ. ಏನು ಬದಲಿಸಿದೆ, ಏಕೆ ಬದಲಿಸಿದೆ, ಸಾಕೆಟ್ ಯಾರಿಗಾಗಿ ಬಂತು ಎಂಬುದನ್ನು ಬರೆದ ಟಿಪ್ಪಣಿ ಹಾಳೆಯನ್ನು, ಅಂಚೆ ಕಚೇರಿಯ ಮುದ್ರೆಗಳಿರುವ ಹಳೆಯ ರೇಡಿಯೊ ಲೈಸೆನ್ಸ್ ಪುಸ್ತಕದ ಜೊತೆಗೆ ಹಿಂಬದಿಯ ಹಲಗೆಗೆ ಕಟ್ಟಿದ್ದೇನೆ. ಡಯಲ್ ದಾರ ಸಡಿಲವಾಗಿದೆ, ಬದಲಿಸಬೇಕು. ನಿಲ್ದಾಣ ಸರಿಯಾಗಿ ಹೊಂದಿತೇ ಎಂದು ಬೆಳಕಿನಿಂದ ತೋರಿಸುವ ಇಎಂ84 ಮ್ಯಾಜಿಕ್ ಐ ವಾಲ್ವ್ ತೀರ ಮಂಕಾಗಿದೆ. ಬಳಸದೆ ಇಟ್ಟ ಒಂದು ಯಾರ ಬಳಿಯಾದರೂ ಇದ್ದರೆ ತಿಳಿಸಿ, ನ್ಯಾಯವಾದ ಬೆಲೆ ಕೊಟ್ಟು ಕೊಳ್ಳುತ್ತೇನೆ.